ಕೆಸರು, ಬಂಡೆ ಮತ್ತು ಬೆನ್ನೆಲುಬಿಲ್ಲದ ಬದುಕು

ಉತ್ತರ ಕನ್ನಡದ ಅಘನಾಶಿನಿ ಅಳಿವೆಗೆ 2024ರ ಜನವರಿ ಕೊನೆಯಲ್ಲಿ ರಾಮ್ಸಾರ್ ತಾಣದ ಮನ್ನಣೆ ಸಿಕ್ಕಿತು. 4,801 ಹೆಕ್ಟೇರ್ ಜೌಗುನೆಲ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿದ ಆ ಸಂತೋಷದಲ್ಲಿ ಹೆಚ್ಚು ಮಾತು ನಡೆದದ್ದು ಹಕ್ಕಿಗಳ ಬಗ್ಗೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬಗ್ಗೆ. ಆ ಹಕ್ಕಿಗಳು ಅಲ್ಲಿಗೆ ಬರುವುದು ಯಾವುದಕ್ಕಾಗಿ, ಆ ಕಾಂಡ್ಲಾ ಗಿಡಗಳ ಬೇರಿಗೆ ಗಾಳಿಯಾಡುವುದು ಯಾರಿಂದ ಎಂದು ಕೇಳಿದರೆ ಉತ್ತರ ಕೆಸರಿನೊಳಗೆ ಇದೆ: ಹುಳುಗಳು, ಏಡಿಗಳು, ಬಳಚು, ಕಲಗಗಳಂಥ ಚಿಪ್ಪಿಗಳು, ಶಂಖದ ಹುಳುಗಳು. ಇನ್ನು ಆ ಅಳಿವೆಯ ಬಾಯಿಂದ ಉತ್ತರಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ಗೋಕರ್ಣದ ಓಂ ಬೀಚಿನ ಬಂಡೆಗಳಿವೆ. ಅದೇ ನೀರು, ಅದೇ ಉಬ್ಬರ, ಅದೇ ಮಳೆಗಾಲ. ಆ ಬಂಡೆಗಳ ಮೇಲೆ ಅಂಟಿಕೊಂಡಿರುವ ಜೀವಿಗಳಿಗೆ ಯಾವ ಪಟ್ಟಿಯಲ್ಲೂ ಹೆಸರಿಲ್ಲ. ಪ್ರವಾಸಿಗರಿಗೆ ಅದು ಕೂತು ಫೋಟೊ ತೆಗೆಸಿಕೊಳ್ಳುವ ಕಲ್ಲು.

ಉಬ್ಬರದಲ್ಲಿ ಮುಳುಗಿ ಇಳಿತದಲ್ಲಿ ತೆರೆದುಕೊಳ್ಳುವ ನೆಲದ ಅಕಶೇರುಕ ಜೀವಿಗಳ ಬಗ್ಗೆ ಜಗತ್ತಿನಲ್ಲಿ ಎಪ್ಪತ್ತು ಎಂಬತ್ತು ವರ್ಷಗಳಿಂದ ಗಟ್ಟಿಯಾದ ಅಧ್ಯಯನ ನಡೆದಿದೆ. ಅದರಲ್ಲಿ ಬಂಡೆಯ ಮೇಲೆ ಕೆಲಸ ಮಾಡಿದವರದು ಒಂದು ಪಂಗಡ, ಕೆಸರಿನಲ್ಲಿ ಇಳಿದವರದು ಇನ್ನೊಂದು. ನಮ್ಮ ಕಾನೂನು ಕೂಡ ಇವೆರಡನ್ನೂ ಬೇರೆ ಬೇರೆಯಾಗಿಯೇ ನೋಡುತ್ತದೆ. ಈ ವಿಂಗಡಣೆ ತಪ್ಪು, ಕನಿಷ್ಠ ಪಶ್ಚಿಮ ಕರಾವಳಿಯ ಮಟ್ಟಿಗಂತೂ ಅದು ನಷ್ಟ ತರುವಂಥದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಹೇಳುವ ಮುನ್ನ ಎರಡೂ ಕಡೆಯ ಜೀವನ ಹೇಗಿದೆ ಎಂದು ನೋಡಬೇಕು.

ಕರ್ನಾಟಕದ ಸುಮಾರು 320 ಕಿ.ಮೀ. ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಅಮಾವಾಸ್ಯೆ, ಹುಣ್ಣಿಮೆಗಳ ದೊಡ್ಡ ಉಬ್ಬರದಲ್ಲೂ ನೀರಿನ ಏರಿಳಿತ ಒಂದೂವರೆಯಿಂದ ಎರಡು ಮೀಟರಿನ ಆಸುಪಾಸು. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಅದು ಹತ್ತು ಮೀಟರ್ ಮುಟ್ಟುತ್ತದೆ. ನಮ್ಮದು ಸಣ್ಣ ಅಂತರ. ಆದರೆ ಅಳಿವೆಯ ಸಮತಟ್ಟು ಕೆಸರಿನ ಮೇಲೆ ಅದೇ ಒಂದೂವರೆ ಮೀಟರ್ ಫರ್ಲಾಂಗುಗಟ್ಟಲೆ ಹರಡಿಕೊಳ್ಳುತ್ತದೆ. ನೆಟ್ಟಗೆ ನಿಂತ ಬಂಡೆಯ ಮೇಲೆ ಅದು ಒಬ್ಬ ಮನುಷ್ಯನ ಎತ್ತರದೊಳಗೆ ಮುಗಿದುಹೋಗುತ್ತದೆ. ಆದ್ದರಿಂದ ಬಂಡೆಯ ಎದುರು ನಿಂತರೆ ಕಾಲಿನಿಂದ ತಲೆಯವರೆಗಿನ ಎತ್ತರದಲ್ಲಿ ಇಡೀ ಕಥೆ ಪಟ್ಟೆಪಟ್ಟೆಯಾಗಿ ಕಾಣುತ್ತದೆ.

ಈ ಪಟ್ಟೆಗಳನ್ನು ಜಗತ್ತಿನ ಹಲವು ಕರಾವಳಿಗಳಲ್ಲಿ ಹೋಲಿಸಿ ಬರೆದವರು ಸ್ಟೀಫನ್‌ಸನ್ ದಂಪತಿ. 1949ರ ಅವರ ಲೇಖನದ ಸಾರ ಇಷ್ಟು: ಸಮುದ್ರ ಯಾವುದೇ ಇರಲಿ, ಬಂಡೆಯ ಮೇಲ್ಭಾಗದಲ್ಲಿ ಪುಟ್ಟ ಶಂಖದ ಹುಳುಗಳು, ನಡುವೆ ಬಾರ್ನಕಲ್‌ಗಳು, ಕೆಳಗೆ ಅಪರೂಪಕ್ಕೆ ಮಾತ್ರ ಒಣಗುವ ಅಂಚಿನಲ್ಲಿ ಪಾಚಿ, ಹವಳದ ಬಂಧುಗಳು ಮತ್ತು ಸೂಕ್ಷ್ಮ ಮೈಯ ಇತರ ಜೀವಿಗಳು. ನಮ್ಮ ಕಡೆಯೂ ಚೌಕಟ್ಟು ಹೀಗೆಯೇ. ಮೇಲುಗಡೆ ಕಡಲೆಕಾಳಿಗಿಂತ ಚಿಕ್ಕ ಲಿಟೊರಿನ ಹುಳುಗಳು ಬಿರುಕುಗಳಲ್ಲಿ ಗುಂಪುಗೂಡಿರುತ್ತವೆ. ಅವುಗಳ ಕೆಳಗೆ ಗುಂಡು ಚಿಪ್ಪಿನ ನೆರಿಟಾಗಳು, ಅಲ್ಲಿಂದ ಮುಂದೆ ಬಾರ್ನಕಲ್‌ಗಳು, ಮುಟ್ಟಿದರೆ ಕೈ ಕೊಯ್ಯುವಷ್ಟು ಹರಿತ ಅಂಚಿನ ಕಲಗ, ಬಂಡೆಗೆ ಟೋಪಿಯಂತೆ ಕವುಚಿಕೊಂಡ ಲಿಂಪೆಟ್. ತೀರ ಕೆಳಗೆ ಹಸಿರು ಅಂಚಿನ ನೀಲಿಕಲ್ಲು ಎಂಬ ಚಿಪ್ಪಿಗಳ ಗೊಂಚಲುಗಳು, ಸಮುದ್ರಹೂಗಳು, ಕಲ್ಲಿಗೆ ಕಂಬಳಿ ಹೊದಿಸಿದ ಹಾಗೆ ಹಬ್ಬುವ ಜೋಆಂಥಿಡ್‌ಗಳು, ಬಂಡೆ ಕೊರೆದು ಗುಳಿ ಮಾಡಿಕೊಂಡು ಕೂರುವ ಕಡಲ ಮುಳ್ಳುಚೆಂಡು.

ಇವುಗಳಲ್ಲಿ ಎರಡನ್ನು ಹತ್ತಿರದಿಂದ ನೋಡೋಣ. ಏಪ್ರಿಲ್ ಮಧ್ಯಾಹ್ನದ ಇಳಿತದಲ್ಲಿ ಮೇಲಿನ ಬಿರುಕಿನ ಲಿಟೊರಿನ ಹುಳುವನ್ನು ಗಮನಿಸಿ. ಉಷ್ಣವಲಯದ ಕಪ್ಪು ಬಂಡೆಯ ಮೈ ಆ ಹೊತ್ತಿಗೆ ಐವತ್ತು ಡಿಗ್ರಿಯ ಹತ್ತಿರ ಕಾಯಬಲ್ಲದು. ಹುಳು ಪಾದವನ್ನು ಒಳಗೆಳೆದುಕೊಂಡು ಬಾಗಿಲು ಮುಚ್ಚಿರುತ್ತದೆ. ಚಿಪ್ಪಿನ ತುಟಿಯ ಒಂದು ತುದಿ ಮಾತ್ರ ಒಣಗಿದ ಲೋಳೆಯ ತೆಳು ಎಳೆಯಿಂದ ಕಲ್ಲಿಗೆ ಅಂಟಿಕೊಂಡಿರುತ್ತದೆ, ಉಳಿದ ಮೈಯೆಲ್ಲ ಗಾಳಿಯಲ್ಲಿ. ಕಾದ ಕಲ್ಲಿಗೆ ಮೈ ತಾಗುವ ಜಾಗ ಕಡಿಮೆಯಾದಷ್ಟೂ ಬಿಸಿ ಕಡಿಮೆ. ಮುಂದಿನ ದೊಡ್ಡ ಉಬ್ಬರ ಬರುವವರೆಗೆ ದಿನಗಟ್ಟಲೆ ಅದು ಹಾಗೆಯೇ ಇರಬಲ್ಲದು.

ಬಾರ್ನಕಲ್‌ನದು ಇನ್ನೊಂದು ಬಗೆ. ನೋಡಿದರೆ ಕಪ್ಪೆಚಿಪ್ಪಿನ ನೆಂಟ ಅನ್ನಿಸುತ್ತದೆ, ನಿಜವಾಗಿ ಅದು ಸೀಗಡಿ, ಏಡಿಗಳ ಬಳಗ. ಮೊಟ್ಟೆಯಿಂದ ಹೊರಬಂದ ಮರಿ ಕೆಲವು ವಾರ ಸಮುದ್ರದಲ್ಲಿ ತೇಲುತ್ತ ಆರು ಸಲ ಪೊರೆ ಕಳಚುತ್ತದೆ. ಆಮೇಲೆ ಏನನ್ನೂ ತಿನ್ನದ ಒಂದು ಹಂತ ಬರುತ್ತದೆ, ಆಗ ಅದರ ಕೆಲಸ ಮನೆ ಹುಡುಕುವುದೊಂದೇ. ಮೀಸೆಗಳ ಮೇಲೆ ನಡೆಯುತ್ತ ಕಲ್ಲನ್ನು ಮುಟ್ಟಿ ಮುಟ್ಟಿ ನೋಡುತ್ತದೆ. ತನ್ನ ಜಾತಿಯ ಹಿರಿಯರು ಅಲ್ಲಿದ್ದ ರಾಸಾಯನಿಕ ಗುರುತು ಸಿಕ್ಕರೆ ನಿಲ್ಲುತ್ತದೆ. ತಲೆಯನ್ನು ಕಲ್ಲಿಗಿಟ್ಟು ಅಂಟು ಸುರಿಸಿ ಜೀವಮಾನಕ್ಕೆ ಅಲ್ಲೇ ನೆಲೆಯಾಗುತ್ತದೆ. ಸುತ್ತ ಸುಣ್ಣದ ಫಲಕಗಳನ್ನು ಕಟ್ಟಿಕೊಂಡು, ನೀರು ಬಂದಾಗ ಮೇಲಿನ ಬಾಗಿಲು ತೆರೆದು, ಗರಿಯಂಥ ಕಾಲುಗಳನ್ನು ಬೀಸಿ ಆಹಾರ ಬಾಚಿಕೊಳ್ಳುತ್ತದೆ. ಚಾರ್ಲ್ಸ್ ಡಾರ್ವಿನ್ 1846ರಿಂದ 1854ರವರೆಗೆ ಎಂಟು ವರ್ಷ ಈ ಪ್ರಾಣಿಗಳ ಹಿಂದೆಯೇ ಬಿದ್ದಿದ್ದ. ಒಂದೇ ಅಂಗ ಸಣ್ಣ ಸಣ್ಣ ವ್ಯತ್ಯಾಸಗಳಲ್ಲಿ ಎಷ್ಟು ಬಗೆಯಾಗಬಹುದು ಎಂಬ ಅವನ ತಿಳಿವು ಬಹುಪಾಲು ಹದವಾದದ್ದು ಈ ವರ್ಷಗಳಲ್ಲಿ.

ಬಂಡೆಯ ಜೀವಿಗಳಿಂದ ಪರಿಸರ ವಿಜ್ಞಾನಕ್ಕೆ ಸಿಕ್ಕ ಎರಡು ದೊಡ್ಡ ಪಾಠಗಳು ಎಲ್ಲ ಪಠ್ಯಪುಸ್ತಕಗಳಲ್ಲಿವೆ. ಸ್ಕಾಟ್ಲೆಂಡಿನ ಕಂಬ್ರೇ ದ್ವೀಪದಲ್ಲಿ ಜೋಸೆಫ್ ಕಾನೆಲ್ ಎರಡು ಜಾತಿಯ ಬಾರ್ನಕಲ್‌ಗಳನ್ನು ಒಂದರ ಪಕ್ಕದಿಂದ ಒಂದನ್ನು ಕಿತ್ತು ನೋಡಿ 1961ರಲ್ಲಿ ಬರೆದ. ಪಟ್ಟೆಯ ಮೇಲಿನ ಗಡಿ ಒಣಗುವಿಕೆ ಹಾಕಿದ್ದು, ಕೆಳಗಿನ ಗಡಿ ಜಾಗದ ಪೈಪೋಟಿ ಹಾಕಿದ್ದು ಎಂದು ತೋರಿಸಿದ. ಅಮೆರಿಕದ ವಾಷಿಂಗ್ಟನ್ ರಾಜ್ಯದ ತೀರದಲ್ಲಿ ರಾಬರ್ಟ್ ಪೇನ್ ಪೈಸ್ಯಾಸ್ಟರ್ ಎಂಬ ನಕ್ಷತ್ರಮೀನನ್ನು ಒಂದು ಬಂಡೆಯಿಂದ ಹೆಕ್ಕಿ ಹೆಕ್ಕಿ ಸಮುದ್ರಕ್ಕೆ ಎಸೆದ. ಅಲ್ಲಿದ್ದ 15 ಜಾತಿಗಳು ಎಂಟಕ್ಕಿಳಿದವು, ಮಸೆಲ್ ಎಂಬ ಚಿಪ್ಪಿಗಳು ಜಾಗವನ್ನೆಲ್ಲ ಆಕ್ರಮಿಸಿದವು ಎಂದು 1966ರಲ್ಲಿ ವರದಿ ಮಾಡಿದ. ಒಂದು ಬೇಟೆಗಾರ ಪ್ರಾಣಿ ಇಡೀ ಸಮುದಾಯವನ್ನು ಹಿಡಿದಿಡಬಲ್ಲದು ಎಂಬ ವಿಚಾರ ಅಲ್ಲಿಂದ ಹೊರಟಿತು.

ನಮ್ಮ ಕಾಲೇಜುಗಳಲ್ಲೂ ಇದನ್ನೇ ಕಲಿಸುತ್ತೇವೆ. ಕಲಿಸೋಣ, ಬೇಡವೆನ್ನುವುದಿಲ್ಲ. ಆದರೆ ಕಂಬ್ರೇಯಲ್ಲೂ ವಾಷಿಂಗ್ಟನ್ನಿನಲ್ಲೂ ಜೂನ್ ಮೊದಲ ವಾರದಲ್ಲಿ ಆಕಾಶ ಹರಿದು ಬೀಳುವುದಿಲ್ಲ. ಸುರತ್ಕಲ್ಲಿನ ದೀಪಸ್ತಂಭದ ಕೆಳಗಿನ ಬಂಡೆಯ ಮೇಲೆ ವರ್ಷವನ್ನು ಎರಡಾಗಿ ಕತ್ತರಿಸುವುದು ಮಳೆಗಾಲ. ಮೇ ತಿಂಗಳಲ್ಲಿ ಪಾಚಿ ಒಣಗಿ ಉದುರಿ, ಲಿಂಪೆಟ್‌ಗಳು ನೆರಳಿನ ಬಿರುಕು ಸೇರಿರುತ್ತವೆ. ಒಂದು ತಿಂಗಳಾದ ಮೇಲೆ ಅದೇ ಕಲ್ಲಿಗೆ ಆಳೆತ್ತರದ ಅಲೆಗಳ ಹೊಡೆತ, ಮೇಲಿನಿಂದ ಸಿಹಿನೀರು, ಹೊಳೆಗಳಿಂದ ಬರುವ ರಾಡಿ. ಗಣೇಶನ ಹಬ್ಬ ಕಳೆದು ಕಡಲು ತಣ್ಣಗಾಗುವಾಗ ಕಲ್ಲೆಲ್ಲ ಹಸಿರು ಪಾಚಿ, ಅದನ್ನು ಮೇಯಲು ಲಿಂಪೆಟ್, ಪಾಚಿಯ ಎಳೆಗಳ ನಡುವೆ ಕಣ್ಣಿಗೆ ಕಾಣದಷ್ಟು ಚಿಕ್ಕ ನೀಲಿಕಲ್ಲಿನ ಮರಿಗಳು. ಉಷ್ಣವಲಯದ ಬಂಡೆಗಳಲ್ಲಿ ಬೇಸಿಗೆಯ ಕಾವು ಎಷ್ಟು ಕ್ರೂರ ಎಂಬುದನ್ನು ಗ್ರೇ ವಿಲಿಯಮ್ಸ್ ಮತ್ತು ಸಂಗಡಿಗರು ಹಾಂಗ್‌ಕಾಂಗಿನಲ್ಲಿ ದಾಖಲಿಸಿದ್ದಾರೆ. ಅಲ್ಲಿ ಕೆಲವು ಬೇಸಿಗೆಗಳಲ್ಲಿ ಲಿಂಪೆಟ್‌ಗಳು ಸಾಮೂಹಿಕವಾಗಿ ಸತ್ತು ಉದುರಿವೆ. ನಮ್ಮ ಬಂಡೆಗಳನ್ನು ಅರಿಯಲು ಸ್ಕಾಟ್ಲೆಂಡಿಗಿಂತ ಹಾಂಗ್‌ಕಾಂಗ್ ಹತ್ತಿರದ ಮಾದರಿ, ಅದಕ್ಕೆ ಮಳೆಗಾಲದ ಲೆಕ್ಕ ಸೇರಿಸಿಕೊಳ್ಳಬೇಕು.

ಕಲ್ಲಿನ ಗುಣವೂ ಮುಖ್ಯ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಲಾವಾ, ಸುಮಾರು 9 ಕೋಟಿ ವರ್ಷ ಹಳೆಯವು. ಕಂಬಗಳ ನಡುವಿನ ಸೀಳುಗಳಲ್ಲಿ ನೆರಳೂ ತೇವವೂ ಉಳಿಯುತ್ತವೆ. ತೂತುತೂತಾದ ಜಂಬಿಟ್ಟಿಗೆಯ ಬಂಡೆಗಳಲ್ಲಿ ಪ್ರತಿ ತೂತೂ ಒಂದು ಆಸರೆ. ನುಣುಪಾದ ಕಲ್ಲಿನಲ್ಲಿ ಆ ಅನುಕೂಲ ಇಲ್ಲ.

ನೀಲಿಕಲ್ಲು ಎಂದರೆ ಪೆರ್ನಾ ವಿರಿಡಿಸ್ ಎಂಬ ಹಸಿರು ಮಸೆಲ್. ಉತ್ತರ ಕನ್ನಡದಲ್ಲಿ ಮಳೆಗಾಲ ಮುಗಿದ ಮೇಲೆ ಅದು ಊಟದ ಮಾತು, ಸಂತೆಯ ಮಾತು. ಪಾದದಿಂದ ಒಸರುವ ಪ್ರೋಟೀನ್ ನೂಲುಗಳಿಂದ ಅದು ಕಲ್ಲಿಗೆ ಕಟ್ಟಿಕೊಳ್ಳುತ್ತದೆ. ನೀರಿನೊಳಗೆ ಹಿಡಿಯುವ ಆ ಅಂಟನ್ನು ಅನುಕರಿಸಿ ಶಸ್ತ್ರಚಿಕಿತ್ಸೆಗೆ ಬಳಸಬಹುದೇ ಎಂದು ರಸಾಯನಶಾಸ್ತ್ರಜ್ಞರು ಹುಡುಕುತ್ತಿದ್ದಾರೆ. ಈ ನೂಲು ಕತ್ತರಿಸಿ ನೀಲಿಕಲ್ಲು ಕೀಳಲು ಅಲೆಗೆ ಬೆನ್ನು ಕೊಟ್ಟು ಬಂಡೆಗೆ ಇಳಿದವರು ನೀರುಪಾಲಾದ ಸುದ್ದಿಯನ್ನು ಕರಾವಳಿಯವರು ಆಗಾಗ ಓದುತ್ತಲೇ ಇರುತ್ತೇವೆ. ಬಂಡೆಯ ತೀರಕ್ಕೆ ಆರ್ಥಿಕ ಬೆಲೆ ಇಲ್ಲವೆನ್ನುವವರು ಆ ಸುದ್ದಿಗಳನ್ನು ಓದಬೇಕು. ಬೆಲೆ ಇಲ್ಲದ ಕಲ್ಲಿಗೆ ಯಾರೂ ಜೀವ ಒತ್ತೆಯಿಡುವುದಿಲ್ಲ.

ಈಗ ಕೆಸರಿಗೆ ಬರೋಣ. ಅಮೆರಿಕದ ಅಟ್ಲಾಂಟಿಕ್ ತೀರದಲ್ಲಿ ಉಪ್ಪು ಜೌಗು ಎಂದರೆ ಸ್ಪಾರ್ಟಿನಾ ಹುಲ್ಲಿನ ಬಯಲು. ಜಾರ್ಜಿಯಾ ರಾಜ್ಯದ ಸಪೆಲೊ ದ್ವೀಪದಲ್ಲಿ ಜಾನ್ ಟೀಲ್ 1962ರಲ್ಲಿ ಅಲ್ಲಿನ ಶಕ್ತಿಯ ಹರಿವನ್ನು ಲೆಕ್ಕ ಹಾಕಿದಾಗ, ಹುಲ್ಲನ್ನು ಹಸಿಯಾಗಿ ತಿನ್ನುವ ಪ್ರಾಣಿಗಳು ಕಡಿಮೆ, ಬಹುಪಾಲು ಕೊಳೆತು ಕೆಸರಿನ ಆಹಾರವಾಗುತ್ತದೆ ಎಂದು ಕಂಡಿತು. ನಾಲ್ಕು ದಶಕದ ಬಳಿಕ ಬ್ರಯನ್ ಸಿಲ್ಲಿಮನ್ ಮತ್ತು ಮಾರ್ಕ್ ಬರ್ಟ್‌ನೆಸ್ ಆ ಚಿತ್ರಕ್ಕೆ ತಿದ್ದುಪಡಿ ತಂದರು. ಜೌಗಿನ ಶಂಖದ ಹುಳುಗಳನ್ನು ತಿನ್ನುವ ಏಡಿಗಳನ್ನು ದೂರವಿಟ್ಟರೆ ಹುಳುಗಳು ಹೆಚ್ಚಿ ಹುಲ್ಲುಗಾವಲನ್ನೇ ಬೋಳು ಕೆಸರಾಗಿಸಬಲ್ಲವು ಎಂದು 2002ರ ಅವರ ಪ್ರಯೋಗ ತೋರಿಸಿತು. ಬಂಡೆಯ ಮೇಲೆ ಪೇನ್ ಕಂಡದ್ದೇ ಕೆಸರಿನಲ್ಲೂ ಕಂಡಿತು. ಎರಡು ಪಂಗಡದ ವಿಜ್ಞಾನಿಗಳು ಒಬ್ಬರ ಮಾತು ಒಬ್ಬರು ಮೊದಲೇ ಕೇಳಿದ್ದರೆ ಇಷ್ಟು ವರ್ಷ ಹಿಡಿಯುತ್ತಿರಲಿಲ್ಲವೇನೋ.

ನಮ್ಮಲ್ಲಿ ಅಂಥ ಹುಲ್ಲಿನ ಬಯಲು ದೊಡ್ಡದಾಗಿ ಇಲ್ಲ. ನಮ್ಮದು ಕಾಂಡ್ಲಾ ಮತ್ತು ಗಜನಿ ಗದ್ದೆ. ಕುಮಟಾ ತಾಲೂಕಿನ ಮಾಣಿಕಟ್ಟದಂಥ ಕಡೆಗಳಲ್ಲಿ ಕಟ್ಟೆ ಹಾಕಿ ಉಬ್ಬರದ ನೀರನ್ನು ಹದದಲ್ಲಿ ಒಳಬಿಟ್ಟುಕೊಂಡು, ಮಳೆಗಾಲದಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ, ಉಳಿದ ಕಾಲದಲ್ಲಿ ಸೀಗಡಿ, ಮೀನು, ಏಡಿ ಎಂಬ ಸರದಿ ನಡೆದುಬಂದಿದೆ. ಭತ್ತದ ಕೂಳೆ ಕೊಳೆತು ಸೀಗಡಿಗೆ ಮೇವಾಗುತ್ತದೆ. ಟೀಲ್ ಜಾರ್ಜಿಯಾದಲ್ಲಿ ಲೆಕ್ಕ ಹಾಕಿ ಹೇಳಿದ್ದನ್ನು ಇಲ್ಲಿಯ ರೈತರು ಬೇಸಾಯದಲ್ಲಿ ಬಳಸಿಕೊಂಡಿದ್ದಾರೆ.

ಕೆಸರಿನಲ್ಲಿ ಬದುಕುವುದರ ಕಷ್ಟ ಬಂಡೆಯದಕ್ಕಿಂತ ಬೇರೆ. ಇಲ್ಲಿ ಒಣಗುವ ಭಯ ಕಡಿಮೆ, ಉಸಿರಿನದೇ ಚಿಂತೆ. ಮೇಲಿನ ಕೆಲವು ಮಿಲಿಮೀಟರ್ ಕಂದು ಪದರ ದಾಟಿದರೆ ಕೆಸರು ಕಪ್ಪು, ಕೊಳೆತ ಮೊಟ್ಟೆಯ ವಾಸನೆ, ಆಮ್ಲಜನಕ ಇಲ್ಲ, ವಿಷಕಾರಿ ಸಲ್ಫೈಡ್ ಇದೆ. ಆದ್ದರಿಂದ ಇಲ್ಲಿನವರೆಲ್ಲ ಮೇಲಕ್ಕೊಂದು ಕಿಂಡಿ ಇಟ್ಟುಕೊಳ್ಳುತ್ತಾರೆ. ಬಳಚು ಎರಡು ಕೊಳವೆ ಮೇಲಕ್ಕೆ ಚಾಚುತ್ತದೆ. ಬಹುಶೂಕ ಹುಳುಗಳು ಸುರಂಗ ತೋಡಿ ಮೈ ಅಲೆಯಾಡಿಸಿ ನೀರು ಎಳೆದುಕೊಳ್ಳುತ್ತವೆ. ಏಡಿಗಳು ಬಿಲ ಮಾಡುತ್ತವೆ.

ಕೆಸರಿನ ಅಂಚಿನಲ್ಲಿ ಇಳಿತದ ಹೊತ್ತಿಗೆ ಸದ್ದಿಲ್ಲದೆ ಕೂತರೆ ಪಿಟೀಲು ಏಡಿಗಳು ಒಂದೊಂದಾಗಿ ಹೊರಬರುತ್ತವೆ. ಗಂಡಿಗೆ ಒಂದು ಕೊಂಡಿ ಮೈಯಷ್ಟೇ ದೊಡ್ಡದು, ಇನ್ನೊಂದು ಚಮಚದಂಥ ಸಣ್ಣದು. ಸಣ್ಣ ಕೊಂಡಿಯಿಂದ ಕೆಸರಿನ ಮೇಲ್ಪದರ ಬಾಚಿ ಬಾಯಿಗಿಡುತ್ತದೆ, ಪಾಚಿ ಮತ್ತು ಸೂಕ್ಷ್ಮಜೀವಿಗಳನ್ನು ಸೋಸಿಕೊಂಡು ಉಳಿದದ್ದನ್ನು ಸಾಸಿವೆಯಂಥ ಉಂಡೆ ಮಾಡಿ ಪಕ್ಕಕ್ಕೆ ಇಡುತ್ತದೆ. ಗಂಟೆಯೊಳಗೆ ಬಿಲದ ಸುತ್ತ ಉಂಡೆಗಳ ರಂಗೋಲಿ. ದೊಡ್ಡ ಕೊಂಡಿ ಊಟಕ್ಕೆ ಬರುವುದಿಲ್ಲ, ಅದು ಹೆಣ್ಣನ್ನು ಕರೆಯಲು, ಪಕ್ಕದ ಗಂಡನ್ನು ಹೆದರಿಸಲು. ಹೆಣ್ಣಿಗೆ ಎರಡೂ ಕೊಂಡಿಗಳು ಸಣ್ಣವು, ಹಾಗಾಗಿ ಅದು ಗಂಡಿಗಿಂತ ಬೇಗ ಊಟ ಮುಗಿಸಬಲ್ಲದು.

ಈ ಬಿಲಗಳ ಕೆಲಸ ಎಷ್ಟು ದೊಡ್ಡದೆಂದು ಆಸ್ಟ್ರೇಲಿಯಾದ ಕಾಂಡ್ಲಾ ಕಾಡಿನಲ್ಲಿ ಥಾಮಸ್ ಸ್ಮಿತ್ ಮತ್ತು ಸಂಗಡಿಗರು ಅಳೆದು 1991ರಲ್ಲಿ ಪ್ರಕಟಿಸಿದರು. ಏಡಿಗಳನ್ನು ಹಿಡಿದು ತೆಗೆದ ತಾಕುಗಳಲ್ಲಿ ಮಣ್ಣಿನ ಸಲ್ಫೈಡ್, ಅಮೋನಿಯಂ ಎರಡೂ ಏರಿದವು, ಮರಗಳ ಬೆಳವಣಿಗೆ ಕುಗ್ಗಿತು. ನಮ್ಮಲ್ಲಿ ವನಮಹೋತ್ಸವದಂದು ಕಾಂಡ್ಲಾ ಸಸಿ ನೆಟ್ಟು ಲೆಕ್ಕ ಕೊಡುತ್ತೇವೆ. ನೆಟ್ಟ ಜಾಗದಲ್ಲಿ ಚದರ ಮೀಟರಿಗೆ ಎಷ್ಟು ಏಡಿ ಬಿಲ ಇವೆಯೆಂದು ಎಣಿಸುವ ರೂಢಿ ಬೆಳೆದಿಲ್ಲ. ಆ ತೋಟ ಕಾಡಾಗುತ್ತದೋ ಇಲ್ಲವೋ ತಿಳಿಯಲು ಸಸಿಯ ಎತ್ತರಕ್ಕಿಂತ ಬಿಲದ ಎಣಿಕೆ ಒಳ್ಳೆಯ ಅಳತೆ ಎಂದು ನನಗನ್ನಿಸುತ್ತದೆ.

ಬಳಚಿನ ವಿಷಯಕ್ಕೆ ಬಂದರೆ ಸ್ವಲ್ಪ ನಿಲ್ಲಲೇಬೇಕು. ದಕ್ಷಿಣ ಕನ್ನಡದಲ್ಲಿ ಮರುವಾಯಿ, ಕೊಂಕಣಿ ಮನೆಗಳಲ್ಲಿ ತಿಸ್ರ್ಯೊ ಎಂದು ಕರೆಸಿಕೊಳ್ಳುವ ಈ ಚಿಪ್ಪಿನ ಜೀವಿಗಳು ಒಂದೇ ಜಾತಿಯವಲ್ಲ. ಅಳಿವೆಯಲ್ಲಿ ಉಪ್ಪಿನ ಅಂಶಕ್ಕೆ ತಕ್ಕಂತೆ ಸರದಿಯಲ್ಲಿ ನೆಲೆ ನಿಂತಿರುತ್ತವೆ. ಮೇಲುಹೊಳೆಯ ಕಡೆ ಸಿಹಿನೀರು ಸಹಿಸುವ ವಿಲ್ಲೊರಿಟಾ, ನಡುವೆ ಮೆರೆಟ್ರಿಕ್ಸ್, ಸಮುದ್ರದ ಬಾಯಿಯ ಹತ್ತಿರ ಪಾಫಿಯಾ ಮಲಬಾರಿಕಾ. ಬಂಡೆಯ ಮೇಲೆ ಮೇಲಿಂದ ಕೆಳಕ್ಕೆ ಕಾಣುವ ಪಟ್ಟೆ ಇಲ್ಲಿ ಒಳನಾಡಿನಿಂದ ಕಡಲಿಗೆ ಮಲಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ಸಂಶೋಧಕರು 2008ರ ವರದಿಯೊಂದರಲ್ಲಿ ಅಘನಾಶಿನಿಯ ಚಿಪ್ಪಿ ಸಂಪತ್ತಿಗೆ ಲೆಕ್ಕ ಕೊಟ್ಟರು: ವರ್ಷಕ್ಕೆ ಸುಮಾರು 22 ಸಾವಿರ ಟನ್, ಬೆಲೆ ಸುಮಾರು 5.78 ಕೋಟಿ ರೂಪಾಯಿ, ದುಡಿಮೆ ಸುಮಾರು 2,300 ಜನರಿಗೆ. ಅವರಲ್ಲಿ ಬಹಳಷ್ಟು ಹೆಂಗಸರು. ಸೊಂಟದವರೆಗಿನ ನೀರಿನಲ್ಲಿ ನಿಂತು ಪಾದದಿಂದ ಕೆಸರು ಕೆದಕಿ, ಬೆರಳಿಗೆ ಗಟ್ಟಿಯಾಗಿ ತಾಗಿದ್ದನ್ನು ಬಗ್ಗಿ ಆರಿಸುವ ಈ ಕೆಲಸಕ್ಕೆ ದೋಣಿ ಬೇಕಿಲ್ಲ, ಬಲೆ ಬೇಕಿಲ್ಲ, ಸಾಲ ಬೇಕಿಲ್ಲ. ಇಳಿತದ ಹೊತ್ತು ಗೊತ್ತಿದ್ದರೆ ಸಾಕು. ಬಡ ಮನೆಗೆ ಪ್ರೋಟೀನು ಇಷ್ಟು ನೇರವಾಗಿ ಸಿಗುವ ಜಾಗ ಕರ್ನಾಟಕದಲ್ಲಿ ಇನ್ನೊಂದಿದ್ದರೆ ತಿಳಿದವರು ಹೇಳಬೇಕು.

ಈ ಸಂಪತ್ತು ಯಾವುದರ ಮೇಲೆ ನಿಂತಿದೆ ಎಂಬುದಕ್ಕೆ ಪಕ್ಕದ ಹೊಳೆಯೇ ಸಾಕ್ಷಿ. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಅಳಿವೆ ಪೂರ್ತಿ ಸಿಹಿಯಾಗುತ್ತದೆ, ಬೇಸಿಗೆಯಲ್ಲಿ ಕಡಲಿನಷ್ಟೇ ಉಪ್ಪಾಗುತ್ತದೆ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ವಿದ್ಯುತ್ತಿಗಾಗಿ ಬಿಟ್ಟ ನೀರು ಬೇಸಿಗೆಯಲ್ಲೂ ಹೊನ್ನಾವರದವರೆಗೆ ಹರಿದು ಅಳಿವೆಯನ್ನು ಸಪ್ಪೆ ಮಾಡುತ್ತದೆ. ಎರಡೂ ಅಳಿವೆಗಳನ್ನು ಹೋಲಿಸಿದ ಅದೇ ಸಂಶೋಧಕರಿಗೆ ಶರಾವತಿಯಲ್ಲಿ ಚಿಪ್ಪಿಗಳ ವೈವಿಧ್ಯ ಬಹಳ ಕಡಿಮೆ ಕಂಡಿತು. ಒಂದೇ ಘಟ್ಟದಿಂದ ಇಳಿದು ಅಕ್ಕಪಕ್ಕದಲ್ಲೇ ಕಡಲು ಸೇರುವ ಎರಡು ಹೊಳೆಗಳು, ಒಂದಕ್ಕೆ ಕಟ್ಟೆ ಇದೆ, ಇನ್ನೊಂದಕ್ಕೆ ಇಲ್ಲ. ಇಷ್ಟು ಸ್ಪಷ್ಟವಾದ ಪ್ರಯೋಗವನ್ನು ವಿಜ್ಞಾನಿಗಳು ತಾವಾಗಿ ಏರ್ಪಡಿಸಲು ಸಾಧ್ಯವಿರಲಿಲ್ಲ. ಅಘನಾಶಿನಿಯ ನೀರನ್ನು ಬೇರೆಡೆಗೆ ತಿರುಗಿಸುವ ಯೋಜನೆಗಳ ಮಾತು ಬಂದಾಗಲೆಲ್ಲ ಈ ಹೋಲಿಕೆಯನ್ನು ಮೇಜಿನ ಮೇಲೆ ಇಡಬೇಕು.

ಸಂಪತ್ತಿದ್ದರೆ ಸಾಲದು, ಅದನ್ನು ಹದವಾಗಿ ತೆಗೆಯಬೇಕು. ಕೇರಳದ ಅಷ್ಟಮುಡಿ ಸರೋವರದಲ್ಲಿ ಇದೇ ಪಾಫಿಯಾ ಮಲಬಾರಿಕಾ ಹಿಡಿಯುವವರು ಡಿಸೆಂಬರ್‌ನಿಂದ ಫೆಬ್ರುವರಿವರೆಗೆ, ಚಿಪ್ಪಿಗಳು ಮರಿ ಬಿಡುವ ಕಾಲದಲ್ಲಿ, ಕೈ ಕಟ್ಟಿ ಕೂರುತ್ತಾರೆ. ಬಲೆಯ ಕಣ್ಣಿಗೂ ಅಳತೆಯ ಕಟ್ಟುಪಾಡಿದೆ. 2014ರಲ್ಲಿ ಆ ಚಿಪ್ಪಿಗಾರಿಕೆಗೆ ಮರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್‌ನ ಪ್ರಮಾಣಪತ್ರ ಬಂತು, ಭಾರತದಲ್ಲಿ ಅದು ಮೊದಲನೆಯದು. ಅದಕ್ಕೆ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ದಶಕಗಳ ಅಂಕಿಅಂಶ ಬೆನ್ನಿಗಿತ್ತು ಎಂಬುದನ್ನು ಮರೆಯಬಾರದು.

ಇನ್ನು ನನ್ನ ಮೂಲ ಮಾತಿಗೆ ಬರುತ್ತೇನೆ. ಕೆಸರಿನ ನೆಲದೊಳಗೇ ಬಂಡೆಯ ಜೀವಿಗಳಿವೆ. ಕಾಂಡ್ಲಾ ಗಿಡದ ಊರುಗೋಲಿನಂಥ ಬೇರು ನೋಡಿ: ಅದರ ಮೇಲೆ ಬಾರ್ನಕಲ್ ಪಟ್ಟೆ ಇದೆ, ಓಂ ಬೀಚಿನ ಬಂಡೆಯ ಮೇಲಿರುವ ಜಾತಿಯದೇ ಕಲಗ ಇದೆ, ಲಿಟೊರಿನ ಕುಲದ ಹುಳು ಉಬ್ಬರದ ಜೊತೆಗೆ ಕಾಂಡದ ಮೇಲಕ್ಕೆ ಹತ್ತಿ ಇಳಿಯುತ್ತದೆ. ಅವುಗಳಿಗೆ ಬೇಕಾದದ್ದು ಗಟ್ಟಿ ಮೈ, ಅದು ಕಲ್ಲೋ ಮರವೋ ಎಂಬ ಭೇದ ಇಲ್ಲ. ಮರಿಗಳ ಲೆಕ್ಕ ಇನ್ನೂ ಮುಖ್ಯ. ಬಳಚು, ಕಲಗ, ನೀಲಿಕಲ್ಲು, ಬಾರ್ನಕಲ್ ಎಲ್ಲವೂ ಮರಿಯಾಗಿ ನೀರಿನಲ್ಲಿ ವಾರಗಟ್ಟಲೆ ತೇಲಿ ಆಮೇಲೆ ನೆಲೆ ಹಿಡಿಯುವಂಥವು. ಕೆಸರೇಡಿಯ ಹೆಣ್ಣು ಮೊಟ್ಟೆ ಬಿಡಲು ಅಳಿವೆ ಬಿಟ್ಟು ಕಡಲಿಗೆ ಹೋಗುತ್ತದೆ. ಬಿಳಿ ಸೀಗಡಿ ಕಡಲಿನಲ್ಲಿ ಹುಟ್ಟಿ ಗಜನಿಯಲ್ಲಿ ಬೆಳೆಯುತ್ತದೆ. ಕಾಂಡ್ಲಾ ಎಲೆ ಕೊಳೆತ ಪುಡಿ ಇಳಿತದ ಜೊತೆ ಹೊರಹರಿದು ಸೋಸಿ ತಿನ್ನುವ ಜೀವಿಗಳಿಗೆ ಸಿಗುತ್ತದೆ. ಅಳಿವೆಯೊಂದನ್ನು ಉಳಿಸಿ ಪಕ್ಕದ ಬಂಡೆಯನ್ನು ಬಿಟ್ಟುಬಿಟ್ಟರೆ ಈ ಬರಹೋಗುವಿಕೆಯ ಅರ್ಧವನ್ನು ಮಾತ್ರ ಉಳಿಸಿದಂತೆ.

ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆ ಅತ್ಯಂತ ಸೂಕ್ಷ್ಮವೆಂದು ಹೆಸರಿಸುವ ನೆಲೆಗಳಲ್ಲಿ ಕಾಂಡ್ಲಾ, ಹವಳ, ಮರಳುದಿಬ್ಬ, ಜೀವಸಮೃದ್ಧ ಕೆಸರುಬಯಲು, ಉಪ್ಪು ಜೌಗು, ಕಡಲ ಹುಲ್ಲು, ಆಮೆ ಮೊಟ್ಟೆಯಿಡುವ ತಾಣ, ಲಾಳದ ಏಡಿಯ ನೆಲೆ ಎಲ್ಲ ಇವೆ. ಬಂಡೆಯ ತೀರ ಇಲ್ಲ. ಉಬ್ಬರ ಇಳಿತಗಳ ನಡುವಿನ ನೆಲ ಎಂಬ ಸಾಮಾನ್ಯ ವರ್ಗದಲ್ಲಿ ಅದು ಸೇರಿಹೋಗುತ್ತದೆ. ಆ ವರ್ಗದಲ್ಲಿ ಬಂದರು, ಧಕ್ಕೆ, ಅಲೆತಡೆಗಳಿಗೆ ದಾರಿ ಸುಲಭ.

ಕಡಲ್ಕೊರೆತ ತಡೆಯಲು ಕಲ್ಲು ಸುರಿದ ಕಡೆ ಬಂಡೆಯ ತೀರ ಹೊಸದಾಗಿ ಹುಟ್ಟಿತಲ್ಲ ಎನ್ನುವವರಿದ್ದಾರೆ. ಉಳ್ಳಾಲದಂಥ ಕಡೆ ತಡೆಗೋಡೆಯ ಕಲ್ಲಿಗೂ ಬಾರ್ನಕಲ್ ಬರುತ್ತದೆ, ಕಲಗ ಬರುತ್ತದೆ, ನಿಜ. ಆದರೆ ಸಿಡ್ನಿಯಲ್ಲಿ ವರ್ಷಗಟ್ಟಲೆ ನಡೆದ ಹೋಲಿಕೆಗಳಲ್ಲಿ ಕಡಲಗೋಡೆಗಳ ಮೇಲೆ ಸಹಜ ಬಂಡೆಗಿಂತ ಕಡಿಮೆ ಜಾತಿಗಳು ಕಂಡಿವೆ. ಗೋಡೆಗೆ ಕಡಿದಾದ ಇಳಿಜಾರು, ನೀರು ನಿಲ್ಲುವ ಗುಂಡಿಗಳಿಲ್ಲ, ನೆರಳಿನ ಸಂದುಗಳ ಬಗೆ ಕಡಿಮೆ. ಎಲ್ಲೆಡೆ ಬದುಕಬಲ್ಲ ಗಟ್ಟಿ ಜಾತಿಗಳಿಗೆ ಅದು ಅನುಕೂಲ, ಉಳಿದವುಗಳಿಗೆ ಅಲ್ಲ.

ಹಡಗಿನ ತಳಕ್ಕೆ ಅಂಟಿಕೊಂಡು ಬರುವ ಹೊಸಬರ ಸಮಸ್ಯೆಯೂ ಇದೆ. ಮಧ್ಯ ಮತ್ತು ದಕ್ಷಿಣ ಅಮೆರಿಕ ಮೂಲದ ಚಾರು ಮಸೆಲ್ ಇತ್ತೀಚಿನ ವರ್ಷಗಳಲ್ಲಿ ಕೇರಳದ ಕೊಚ್ಚಿ, ಅಷ್ಟಮುಡಿಗಳ ಹಿನ್ನೀರಿನಲ್ಲಿ ದಟ್ಟವಾಗಿ ಹಬ್ಬಿ ಅಲ್ಲಿನ ಸ್ಥಳೀಯ ಚಿಪ್ಪಿಗಳ ಜಾಗ ಕಸಿಯುತ್ತಿದೆ. ಕೇರಳದಿಂದ ಮಂಗಳೂರಿಗೆ ತೇಲುಮರಿಗಳಿಗೆ ದೂರವೇನಲ್ಲ, ಹಡಗಿಗಂತೂ ಒಂದು ದಿನದ ದಾರಿ.

ಅಂಥದ್ದು ಬಂದರೆ ನಮಗೆ ತಿಳಿಯುವುದು ಹೇಗೆ? ಇಲ್ಲಿಯೇ ನನ್ನ ಮುಖ್ಯ ಕಳವಳ. 2013ರಿಂದ ಉತ್ತರ ಅಮೆರಿಕದ ಪಶ್ಚಿಮ ತೀರದಲ್ಲಿ ನಕ್ಷತ್ರಮೀನುಗಳು ಕರಗಿ ಸಾಯತೊಡಗಿದವು. ಸೂರ್ಯಕಾಂತಿ ನಕ್ಷತ್ರಮೀನನ್ನು ಕೊಲ್ಲುತ್ತಿರುವುದು ವಿಬ್ರಿಯೊ ಬಳಗದ ಒಂದು ಬ್ಯಾಕ್ಟೀರಿಯಾ ಎಂದು 2025ರಲ್ಲಿ ಗೊತ್ತಾಯಿತು. 2021ರ ಜೂನಿನ ಬಿಸಿಗಾಳಿಯಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ತೀರದಲ್ಲಿ ನೂರು ಕೋಟಿಗೂ ಹೆಚ್ಚು ಕಡಲಜೀವಿಗಳು ಬೆಂದು ಸತ್ತವೆಂದು ಕ್ರಿಸ್ಟೋಫರ್ ಹಾರ್ಲಿ ಅಂದಾಜಿಸಿದರು. ಎಷ್ಟು ಸತ್ತವು ಎಂದು ಹೇಳಲು ಮೊದಲು ಎಷ್ಟಿದ್ದವು ಎಂದು ಗೊತ್ತಿರಬೇಕು. ಇಂಗ್ಲೆಂಡಿನಲ್ಲಿ ಅಲನ್ ಸೌತ್‌ವರ್ಡ್ 1950ರ ದಶಕದಲ್ಲಿ ಗುರುತು ಮಾಡಿದ ಬಂಡೆಗಳಲ್ಲಿ ಬಾರ್ನಕಲ್ ಎಣಿಸುತ್ತ ಹೋದದ್ದರಿಂದ, ಬಿಸಿನೀರಿನ ಜಾತಿಗಳು ಹೆಚ್ಚುತ್ತ ತಣ್ಣೀರಿನವು ಕುಗ್ಗುತ್ತ ಬಂದದ್ದು ದಾಖಲೆಯಲ್ಲಿ ಉಳಿಯಿತು. ಆತ ಬಳಸಿದ್ದು ಕಣ್ಣು, ಚೌಕಟ್ಟು, ಪುಸ್ತಕ. ಬೇಕಿದ್ದುದು ಅದೇ ಕಲ್ಲಿಗೆ ಮತ್ತೆ ಮತ್ತೆ ಹೋಗುವ ಹಟ.

ನಮ್ಮಲ್ಲಿ ಸಲಕರಣೆಯ ಕೊರತೆಯಿಲ್ಲ, ಜನರ ಕೊರತೆಯೂ ಇಲ್ಲ. ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗವಿದೆ, ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜಿದೆ, ಗೋವಾದಲ್ಲಿ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯಿದೆ. ಅಲ್ಲಿಂದ ಬಂದ ಪ್ರಬಂಧಗಳಲ್ಲಿ ಹೆಚ್ಚಿನವು ಒಂದೆರಡು ವರ್ಷದ ಪಿಎಚ್‌.ಡಿ. ಅವಧಿಗೆ ಸೀಮಿತ. ವಿದ್ಯಾರ್ಥಿ ಪದವಿ ಪಡೆದು ಹೋದ ಮೇಲೆ ಆ ಬಂಡೆಗೆ, ಆ ಕೆಸರಿಗೆ ಮತ್ತೊಬ್ಬರು ಹೋಗಿ ಅದೇ ಜಾಗದಲ್ಲಿ ಎಣಿಸುವುದು ಅಪರೂಪ. ಮುಂಬೈಯಲ್ಲಿ 2017ರಲ್ಲಿ ಶುರುವಾದ ‘ಮರೈನ್ ಲೈಫ್ ಆಫ್ ಮುಂಬೈ’ ಬಳಗ ನಗರದ ಕೊಳಕು ತೀರದಲ್ಲೇ ಸಾರ್ವಜನಿಕರನ್ನು ಇಳಿತದ ಹೊತ್ತಿಗೆ ನಡೆಸಿಕೊಂಡು ಹೋಗಿ ನೂರಾರು ಜಾತಿಗಳನ್ನು ದಾಖಲಿಸುತ್ತ ಬಂದಿದೆ. ಅಲ್ಲಿ ಸಾಧ್ಯವಾದದ್ದು ಕಾರವಾರದಿಂದ ಉಳ್ಳಾಲದವರೆಗಿನ ಸ್ವಚ್ಛ ತೀರದಲ್ಲಿ ಸಾಧ್ಯವಾಗದೇ?

ಹೀಗಾಗಿ ಕರಾವಳಿಯ ಮೂರು ಜಿಲ್ಲೆಗಳ ಪದವಿ ಕಾಲೇಜುಗಳ ಜೀವಶಾಸ್ತ್ರ ಅಧ್ಯಾಪಕರಲ್ಲಿ ನನ್ನ ಕೋರಿಕೆ ಇದು. ನಿಮ್ಮ ಕಾಲೇಜಿಗೆ ಹತ್ತಿರದ ಒಂದು ಬಂಡೆ, ಒಂದು ಕೆಸರುದಂಡೆ ಆರಿಸಿಕೊಳ್ಳಿ. ಬಂಡೆಗೆ ಅಳಿಯದ ಗುರುತು ಹಾಕಿ, ಅರ್ಧ ಮೀಟರ್ ಚೌಕದೊಳಗೆ ಬಾರ್ನಕಲ್, ಲಿಂಪೆಟ್, ಕಲಗ, ನೀಲಿಕಲ್ಲು ಎಣಿಸಿ. ಕೆಸರಿನಲ್ಲಿ ಏಡಿ ಬಿಲ ಮತ್ತು ಬಳಚು ಎಣಿಸಿ. ಮಳೆಗಾಲ ಬಿಟ್ಟು ಪ್ರತಿ ಅಮಾವಾಸ್ಯೆಯ ಇಳಿತಕ್ಕೆ ಹೋಗಿ, ಬಳಚು ಹೆಕ್ಕುವ ಹೆಂಗಸರನ್ನು ಜೊತೆಗೆ ಕರೆದುಕೊಳ್ಳಿ, ಅವರಿಗೆ ಆ ನೆಲ ನಿಮಗಿಂತ ಚೆನ್ನಾಗಿ ಗೊತ್ತು. ಬರೆದ ಪುಸ್ತಕವನ್ನು ಮುಂದಿನ ಬ್ಯಾಚಿಗೆ ಒಪ್ಪಿಸಿ. ಸರ್ಕಾರ ಅಘನಾಶಿನಿಯ ನಿರ್ವಹಣಾ ಯೋಜನೆ ಬರೆಯುವಾಗ ಗೋಕರ್ಣದ ಬಂಡೆಗಳನ್ನೂ ಅದರೊಳಗೆ ಸೇರಿಸಬೇಕು. ಅದಕ್ಕೆ ಬೇಕಾದ ಅಂಕಿಅಂಶ ಈ ಪುಸ್ತಕಗಳಿಂದಲೇ ಬರಬೇಕು.